ಅಮ್ಮನನ್ನು ಕರೆದುಕೊಂಡು ಬ್ಯಾಂಕಾಕ್‌ಗೆ: ಗಂಟುನೋವು, ಸಸ್ಯಾಹಾರ, ಐದು ದಿನ. ಹೋಗಿ ಬಂದವರು ಹೇಳಿ

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮನೆ ಪೆರ್ಲದ ಹತ್ತಿರ. ಅಮ್ಮನಿಗೆ 72 ವರ್ಷ. ಅವರು ಇದುವರೆಗೆ ಹೋದ ದೊಡ್ಡ ದೂರ ಅಂದರೆ ಕಾಶಿ, ಅದೂ ಅಪ್ಪ ಇದ್ದಾಗ, ರೈಲಿನಲ್ಲಿ. ಕಳೆದ ತಿಂಗಳು ರಾತ್ರಿ ಊಟ ಮಾಡುತ್ತಾ ಸುಮ್ನೆ ಹೇಳಿದ ಹಾಗೆ ಹೇಳಿದರು: "ನನಗೆ ಒಮ್ಮೆ ವಿಮಾನದಲ್ಲಿ ಕೂತು ಬೇರೆ ದೇಶ ನೋಡಬೇಕು." ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ದುಬೈ ಅಂದರೆ ಬೇಡವಂತೆ. "ಊರಿನ ಅರ್ಧ ಜನ ಅಲ್ಲೇ ಇದ್ದಾರೆ, ಅವರನ್ನು ನೋಡಲಿಕ್ಕೆ ಅಷ್ಟು ದೂರ ಯಾಕೆ?" ಹಾಗೆ ಹುಡುಕುತ್ತಾ ಬ್ಯಾಂಕಾಕ್‌ಗೆ ಬಂದು ನಿಂತೆವು.

ಆ ಹೆಸರು ಹೇಳಿದ ಕೂಡಲೇ ನಮ್ಮ ಕಡೆ ಜನರಿಗೆ ಒಂದು ನಗು ಬರುತ್ತದಲ್ವಾ, ಅದನ್ನು ಸ್ಟಾಫ್ ರೂಮಿನಲ್ಲಿ ಒಂದು ವಾರ ನೋಡಿದೆ. ನಗಲಿ.

ಪೇಟೆಯ ಒಬ್ಬ ಏಜೆಂಟರನ್ನು ಕೇಳಿದೆ. ಐದು ರಾತ್ರಿಯ ಪಟ್ಟಿ ಕೊಟ್ಟರು. ಎರಡು ರಾತ್ರಿ ಪಟ್ಟಾಯ, ಒಂದು ದಿನ ಪ್ರಾಣಿಗಳ ಪಾರ್ಕು, ಒಂದು ರಾತ್ರಿ ಹಡಗಿನಲ್ಲಿ ಹಾಡಿನ ಜೊತೆ ಊಟ, ಒಂದು ರತ್ನದ ಅಂಗಡಿ. ದೇವಸ್ಥಾನಗಳಿಗೆ ಸಿಕ್ಕಿದ್ದು ಒಂದೇ ಒಂದು ಬೆಳಗ್ಗೆ. ಪಟ್ಟಿ ನೋಡಿ ಅಮ್ಮ "ಇದರಲ್ಲಿ ನಾನು ಕೂರುವುದು ಯಾವಾಗ?" ಅಂತ ಕೇಳಿದರು.

ಅಮ್ಮನಿಗೆ ಮೊಣಕಾಲಿನ ಗಂಟುನೋವು. ಹತ್ತು ಮೆಟ್ಟಿಲು ಹತ್ತಿದರೆ ಒಮ್ಮೆ ಕೂರಬೇಕು. ಮೀನು, ಮಾಂಸ, ಮೊಟ್ಟೆ ಇಲ್ಲ. ಏಕಾದಶಿ ಬಂದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಲೆ ಅಡಿಕೆ ಮಾತ್ರ ದಿನಕ್ಕೆ ನಾಲ್ಕು ಸಲ ಬೇಕು. ನಾವಾಗಿಯೇ ಹೋಗಿ ಬರಲಿಕ್ಕೆ ಆಗುತ್ತದಾ? ನನ್ನ ಇಂಗ್ಲಿಷ್ ಸಾಧಾರಣ. ಬೇಸಿಗೆ ರಜೆಯಲ್ಲಿ, ಏಪ್ರಿಲ್‌ನಲ್ಲಿ ಹೋಗುವ ಅಂತ ಅಂದಾಜು. ಎಲ್ಲಿ ಉಳಿಯುವುದು, ಎಂತ ತಿನ್ನುವುದು, ಎಂತ ಬಿಡುವುದು? ಹೋಗಿ ಬಂದವರು ಮಾತ್ರ ಹೇಳಿ. ವಿಡಿಯೋ ನೋಡಿದವರ ಉತ್ತರ ಸಾಕಷ್ಟು ಸಿಕ್ಕಿದೆ.

ಕುಂಬಳೆ ಕಡಲು

ಏಪ್ರಿಲ್ ಬೇಡವೇ ಬೇಡ ಅಕ್ಕ. ನಾನು ಏಪ್ರಿಲ್‌ನಲ್ಲೇ ಹೋದದ್ದು, ಬುದ್ಧಿ ಇಲ್ಲದೆ. ಅವರಿಗೂ ಹೊಸ ವರ್ಷ ನಮ್ಮ ಬಿಸುವಿನ ಹೊತ್ತಿಗೇ, 13ರಿಂದ 15ರ ತನಕ. ಸೊಂಗ್‌ಕ್ರಾನ್ ಅನ್ನುತ್ತಾರೆ, ನಮ್ಮ ಸಂಕ್ರಾಂತಿ ಅನ್ನುವ ಶಬ್ದವೇ ಅದು. ನಾವು ಕಣಿ ಇಟ್ಟು ಹಿರಿಯರ ಕಾಲಿಗೆ ಬೀಳುತ್ತೇವೆ. ಅವರೂ ಹಿರಿಯರ ಕೈಗೆ ಪರಿಮಳದ ನೀರು ಹಾಕುತ್ತಾರೆ, ಬುದ್ಧನಿಗೆ ಅಭಿಷೇಕ ಮಾಡುತ್ತಾರೆ. ಅಲ್ಲಿಯವರೆಗೆ ಚಂದ. ಆಮೇಲೆ ರಸ್ತೆಗೆ ಇಳಿದರೆ ದೊಡ್ಡ ದೊಡ್ಡ ನೀರಿನ ಬಂದೂಕು, ಬಕೆಟು, ಮುಖಕ್ಕೆ ಬಿಳಿ ಹಿಟ್ಟು. ನನ್ನ ಮೊಬೈಲ್ ಹೋದದ್ದು ಹಾಗೆ. ಅಮ್ಮನನ್ನು ಕರೆದುಕೊಂಡು ಹೋಗುವ ಹೊತ್ತಲ್ಲ ಅದು. ಅದರ ಮೇಲೆ ಬಿಸಿಲು. ನಮ್ಮ ಕಡಲ ಬದಿಯ ಸೆಕೆಯನ್ನೇ ಕಾಂಕ್ರೀಟ್ ಮಾಡಿ ಇಟ್ಟ ಹಾಗೆ.

ಓಣಂ ರಜೆಯೂ ಆಗದು, ಸೆಪ್ಟೆಂಬರ್ ಅಲ್ಲಿ ಜೋರು ಮಳೆಯ ತಿಂಗಳು. ಕ್ರಿಸ್ಮಸ್ ರಜೆಯ ಹತ್ತು ದಿನ ಉಂಟಲ್ಲ, ಅದರಲ್ಲಿ ಹೋಗಿ. ನವೆಂಬರಿನಿಂದ ಫೆಬ್ರವರಿ ತನಕ ಪರವಾಗಿಲ್ಲ. ಟಿಕೆಟಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಅಡಿಕೆಮರ

ಟೀಚರೇ, ನಾನು 2025ರ ಜನವರಿಯಲ್ಲಿ ಅಮ್ಮನ ಜೊತೆ ಹೋಗಿ ಬಂದವ. ಮನೆ ಮುಳ್ಳೇರಿಯ ಕಡೆ, ತೋಟದ ಕೆಲಸ. ಅಮ್ಮನಿಗೆ ಆಗ 74. ಅಡಿಕೆ ಕೊಯ್ಲಿನ ನಡುವೆ ಹೋದದ್ದಕ್ಕೆ ಅಣ್ಣ ಇನ್ನೂ ಗೊಣಗುತ್ತಾನೆ. ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಏಜೆಂಟರ ಪಟ್ಟಿಯನ್ನು ಮೊದಲು ಒಲೆಗೆ ಹಾಕಿ. ಪಟ್ಟಾಯ ಬೇಡ, ಪ್ರಾಣಿಗಳ ಪಾರ್ಕು ಬೇಡ. ಐದು ದಿನವೂ ಒಂದೇ ಊರು, ಒಂದೇ ರೂಮು. ದಿನಕ್ಕೆ ಒಂದು ಜಾಗ. ಬೆಳಗ್ಗೆ ಎಂಟಕ್ಕೆ ಹೊರಟು ಹನ್ನೊಂದೂವರೆಗೆ ವಾಪಸ್. ಮಧ್ಯಾಹ್ನ ಅಮ್ಮ ಮಲಗಲಿ. ನಾಲ್ಕಕ್ಕೆ ಹೊಳೆ ಕಡೆ. ನಾನು ಮೊದಲ ದಿನ ಇದನ್ನು ಮಾಡಲಿಲ್ಲ, ಅರಮನೆಯೂ ವಾಟ್ ಫೋ ದೇವಸ್ಥಾನವೂ ಒಟ್ಟಿಗೆ ಮುಗಿಸುವ ಅಂತ ಓಡಾಡಿಸಿದೆ. ರಾತ್ರಿ ಅಮ್ಮನ ಕಾಲು ಬಾತು ಕುಂಬಳಕಾಯಿ ಆಗಿತ್ತು. ಎಣ್ಣೆ ತಿಕ್ಕುತ್ತಾ ಕೂತೆ. ಅವರು ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ವಾಸಿ ಇತ್ತು.

ಉಳಿಯುವುದು ಹೊಳೆಯ ಹತ್ತಿರ, ಸಫಾನ್ ತಕ್ಸಿನ್ ಅನ್ನುವ ಸ್ಕೈಟ್ರೇನ್ ಸ್ಟೇಷನ್ನಿನ ಸುತ್ತ. ಹೆಚ್ಚಿನವರು ಸುಖುಂವಿತ್ ಅನ್ನುತ್ತಾರೆ, ಅದು ಮಾಲ್ ಸುತ್ತುವವರಿಗೆ. ನಮಗೆ ಈ ಕಡೆಯೇ ಒಳ್ಳೆಯದು. ಸ್ಟೇಷನ್ನಿನಿಂದ ಇಳಿದರೆ ಎದುರಿಗೇ ಸಾಥೊನ್ ದೋಣಿಕಟ್ಟೆ. ಅಲ್ಲಿಂದ ಚಾವೊ ಫ್ರಾಯಾ ಹೊಳೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದರೆ ಅರಮನೆ, ವಾಟ್ ಫೋ, ವಾಟ್ ಅರುಣ್ ಎಲ್ಲದಕ್ಕೂ ಹೋಗಬಹುದು. ಟಿಕೆಟು ನಾವು ಹೋದಾಗ ಅಲ್ಲಿಯ ದುಡ್ಡಿನಲ್ಲಿ 16 ಬಾತ್, ಎಷ್ಟು ದೂರಕ್ಕೂ ಅಷ್ಟೇ. ಟ್ರಾಫಿಕ್ಕಿನಲ್ಲಿ ಕೂತು ಬೇಯುವುದಕ್ಕಿಂತ ಇದು ಸಾವಿರ ಪಾಲು ಲೇಸು. ಹೊಳೆಯ ನೀರು ಮಳೆಗಾಲದ ಚಂದ್ರಗಿರಿಯ ಬಣ್ಣ, ಅದರ ಮೇಲೆ ಅಂತರಗಂಗೆಯ ಹಸಿರು ಗುಂಪುಗಳು ತೇಲಿಕೊಂಡು ಹೋಗುತ್ತಿರುತ್ತವೆ. ಒಂದೇ ಎಚ್ಚರ, ದೋಣಿ ಕಟ್ಟೆಯಲ್ಲಿ ನಿಲ್ಲುವುದು ತುಂಬಾ ಸ್ವಲ್ಪ ಹೊತ್ತು. ಹಿಂದೆ ನಿಂತವ ಸೀಟಿ ಊದುತ್ತಾನೆ, ಚಾಲಕ ಆ ಸೀಟಿಯ ಲೆಕ್ಕದಲ್ಲೇ ದೋಣಿಯನ್ನು ತಂದು ತಾಗಿಸುತ್ತಾನೆ, ಎಲ್ಲರೂ ದಡಬಡ ಹಾರುತ್ತಾರೆ. ನೀವು ಮುಂದೆ, ತಮ್ಮ ಹಿಂದೆ, ಅಮ್ಮ ನಡುವೆ. ನಮ್ಮಮ್ಮ ಸೀಟಿ ಕೇಳಿ "ಇವ ಕಾಸರಗೋಡು ಲೈನಿನ ಬಸ್ಸಿನಲ್ಲಿ ಇದ್ದವನೇ" ಅಂದರು.

ಅರಮನೆಗೆ ಬೆಳಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಹೋಗಿ. ತಲೆಗೆ 500 ಬಾತ್. ಮೂರೂವರೆಗೆ ಟಿಕೆಟ್ ನಿಲ್ಲಿಸುತ್ತಾರೆ. ಅಮ್ಮ ಸೀರೆಯಲ್ಲಿ ಹೋದರೆ ಯಾರೂ ತಡೆಯುವುದಿಲ್ಲ, ಚಡ್ಡಿ ಹಾಕಿದವರಿಗೆ, ತೋಳಿಲ್ಲದ ಅಂಗಿಯವರಿಗೆ ಕಷ್ಟ. ಇಲ್ಲಿ ನಾನು ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. ಗೋಡೆಯ ಬದಿ ಇಸ್ತ್ರಿ ಅಂಗಿ ಹಾಕಿದ ಒಬ್ಬ ಬಹಳ ವಿನಯದಲ್ಲಿ ಬಂದ. "ಇವತ್ತು ಅರಮನೆ ಬಂದ್, ಬೌದ್ಧರ ಹಬ್ಬ, ಮಧ್ಯಾಹ್ನ ತೆರೆಯುತ್ತದೆ, ಅಷ್ಟರಲ್ಲಿ 20 ಬಾತ್‌ಗೆ ಟುಕ್‌ಟುಕ್‌ನಲ್ಲಿ ಮೂರು ದೇವಸ್ಥಾನ ತೋರಿಸುತ್ತಾರೆ" ಅಂದ. ಅಮ್ಮ ಕನ್ನಡದಲ್ಲಿ "ಅಲ್ಲ ಮಗಾ, ಅಷ್ಟು ಜನ ಒಳಗೆ ಹೋಗುತ್ತಿದ್ದಾರಲ್ಲ?" ಅಂತ ಕೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಒಂದು ಸಣ್ಣ ಗುಡಿ, ಆಮೇಲೆ ಒಂದು ರತ್ನದ ಅಂಗಡಿ, ಆಮೇಲೆ ಒಂದು ಟೈಲರ್ ಅಂಗಡಿ. ಒಂದೂವರೆ ಗಂಟೆ ಹೋಯಿತು. ದುಡ್ಡು ಹೋಗಲಿಲ್ಲ, ಅಮ್ಮ ಬಿಗಿಯಾಗಿ ಕೂತದ್ದರಿಂದ. ಅಲ್ಲಿ ಇದು ಹಳೇ ಆಟವಂತೆ. ಗೇಟಿನಲ್ಲಿ ನಿಂತ ಪೋಲೀಸಿನವರು ಹೇಳಿದರೆ ಮಾತ್ರ ಬಂದ್ ಅಂತ ಲೆಕ್ಕ.

ಒಳಗೆ ಪಚ್ಚೆ ಬುದ್ಧನ ಗುಡಿ. ಹೆಸರು ಪಚ್ಚೆ, ಕಲ್ಲು ನಿಜಕ್ಕೂ ಜೇಡ್ ಜಾತಿಯದ್ದು. ಎತ್ತರ ಸುಮಾರು 66 ಸೆಂಟಿಮೀಟರ್ ಅಷ್ಟೇ. ಅಷ್ಟು ದೊಡ್ಡ ಗುಡಿಯಲ್ಲಿ, ಅಷ್ಟು ಎತ್ತರದ ಪೀಠದಲ್ಲಿ ಅಷ್ಟು ಸಣ್ಣ ಮೂರ್ತಿ. ವರ್ಷಕ್ಕೆ ಮೂರು ಸಲ ರಾಜ ಸ್ವತಃ ಬಂದು ಉಡುಪು ಬದಲಿಸುತ್ತಾನೆ: ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗೆ ಒಂದು. ನಾವು ಹೋದಾಗ ಚಳಿಯದ್ದು, ಚಿನ್ನದ ಬಲೆಯ ಹಾಗಿನ ಹೊದಿಕೆ. ಅಮ್ಮ ನೆಲದಲ್ಲಿ ಕಾಲು ಹಿಂದೆ ಮಡಚಿ ಕೂರಲಿಕ್ಕೆ ಆಗದೆ ಗೋಡೆಯ ಬದಿ ನಿಂತೇ ಕೈ ಮುಗಿದರು. ಅಲ್ಲಿ ಬುದ್ಧನ ಕಡೆಗೆ ಪಾದ ಚಾಚಬಾರದು, ನೆನಪಿರಲಿ. ಫೋಟೋ ಕೂಡದು.

ವಾಟ್ ಫೋದಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ. ತಲೆಯಿಂದ ಕಾಲಿನವರೆಗೆ ನಡೆಯುವಾಗ ಅಮ್ಮ ಎರಡು ಸಲ ನಿಂತರು. ಪಾದದ ಅಡಿಯಲ್ಲಿ ಕಪ್ಪೆಚಿಪ್ಪಿನ ಹೊಳಪಿನಲ್ಲಿ 108 ಶುಭ ಚಿಹ್ನೆ. ಹಿಂದಿನ ಬದಿ 108 ಕಂಚಿನ ಬಟ್ಟಲು, ಸಣ್ಣ ನಾಣ್ಯ ಕೊಂಡು ಒಂದೊಂದಕ್ಕೂ ಹಾಕುತ್ತಾ ಹೋಗಬೇಕು. ಟಣ್ ಟಣ್ ಅನ್ನುವ ಸದ್ದು ಆ ಇಡೀ ಮಂಟಪದಲ್ಲಿ ನಿಲ್ಲುವುದೇ ಇಲ್ಲ. ಇದು ಅಮ್ಮನಿಗೆ ತುಂಬಾ ಹಿಡಿಸಿತು. ಅಲ್ಲಿಂದ ಥಾ ಥಿಯೆನ್ ಕಟ್ಟೆಯಲ್ಲಿ ಕಡವು ದಾಟಿದರೆ ವಾಟ್ ಅರುಣ್. ಗೋಪುರದ ತುಂಬಾ ಪಿಂಗಾಣಿ ಚೂರು ಅಂಟಿಸಿದ ಹೂವುಗಳು. ಅದರ ಮೆಟ್ಟಿಲು ತುಂಬಾ ನೆಟ್ಟಗೆ, ಅಮ್ಮನನ್ನು ಹತ್ತಿಸಬೇಡಿ. ಸಂಜೆ ಈಚೆ ದಡದಲ್ಲೇ ಕೂತು ನೋಡಿದರೆ ಸಾಕು.

ಇನ್ನು ಊಟ. ಸಸ್ಯಾಹಾರಿ ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸ ತೆಗೆದು ಕೊಡುತ್ತಾರೆ, ಮೀನಿನ ರಸ ಹಾಗೇ ಇರುತ್ತದೆ. ನಾಮ್ ಪ್ಲಾ ಅಂತ ಅದರ ಹೆಸರು, ನಮಗೆ ಉಪ್ಪು ಹೇಗೋ ಅವರಿಗೆ ಅದು ಹಾಗೆ. ಮೊದಲ ದಿನ "ತರಕಾರಿ ಅನ್ನ" ಅಂತ ಬಂದ ತಟ್ಟೆಯನ್ನು ಅಮ್ಮ ಮೂಗಿನ ಹತ್ತಿರ ತಂದು ಕೆಳಗೆ ಇಟ್ಟರು. ಮೀನು ಮಾರ್ಕೆಟಿನ ಬದಿಯಲ್ಲೇ ದೇವಸ್ಥಾನಕ್ಕೆ ಹೋಗಿ ಬರುವ ಜನ ನಾವು, ಅಷ್ಟು ಗೊತ್ತಾಗುವುದಿಲ್ವಾ? ನೀವು ಹೇಳಬೇಕಾದ ಶಬ್ದ "ಜೇ". ಅದು ಚೀನೀ ಬೌದ್ಧರ ವ್ರತದ ಊಟ. ಮೀನು ಮಾಂಸ ಮೊಟ್ಟೆ ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಹಾಲು ಮೊಸರೂ ಇಲ್ಲ. ಅಮ್ಮನ ಏಕಾದಶಿಗಿಂತ ಒಂದು ಕೈ ಮೇಲು. ಅಂಗಡಿಯ ಮುಂದೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುತ್ತದೆ, ದೂರಕ್ಕೆ 17 ಅಂತ ಬರೆದ ಹಾಗೆ ಕಾಣುತ್ತದೆ. ನಾನೂ ಅಮ್ಮನೂ "ಹದಿನೇಳು ಉಂಟಾ ನೋಡು" ಅಂತಲೇ ಗಲ್ಲಿ ಗಲ್ಲಿ ಹುಡುಕುತ್ತಿದ್ದೆವು. ಬೋರ್ಡು ಓದಲು ಬಾರದ ಊರಿನಲ್ಲಿ ಬದುಕುವುದು ಹೇಗೆ ಅಂತ ಕಾಸರಗೋಡಿನ ಕನ್ನಡದವರಿಗೆ ಯಾರೂ ಕಲಿಸಬೇಕಾಗಿಲ್ಲ, ಬಿಡಿ.

ನಮ್ಮ ರುಚಿ ಬೇಕೆಂದಾಗ ಸೀಲೊಂ ರಸ್ತೆಯ ಮಾರಿಯಮ್ಮನ ಗುಡಿಯ ಸುತ್ತ ಹೋಗಿ. ತಮಿಳರು 19ನೇ ಶತಮಾನದಲ್ಲಿ ಕಟ್ಟಿದ್ದು. ಹತ್ತಿರದಲ್ಲೇ ದೋಸೆ, ಇಡ್ಲಿ ಸಿಗುತ್ತದೆ. ನಾವು ಅವಲಕ್ಕಿ, ಚಟ್ನಿಪುಡಿ, ಒಂದು ಸಣ್ಣ ಕರೆಂಟ್ ಕುಕ್ಕರ್, ಎರಡು ಸೇರು ಕುಚ್ಚಲಕ್ಕಿ ಕಟ್ಟಿಕೊಂಡು ಹೋಗಿದ್ದೆವು. ರಾತ್ರಿ ಗಂಜಿ. ಗಂಜಿಗೆ ಮೊಸರು ಅಂತ ಪಕ್ಕದ ಸಣ್ಣ ಅಂಗಡಿಯಿಂದ ಡಬ್ಬ ತಂದರೆ ಅದು ಸಿಹಿ, ಒಳಗೆ ಎಂತದೋ ಜೆಲ್ಲಿ ಚೂರು. ಅಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು. ಡಬ್ಬದ ಮೇಲೆ ಚಿತ್ರ ನೋಡಿ ತೆಗೆದುಕೊಳ್ಳಿ.

ಆದರೆ ಬೀದಿಯ ತಿಂಡಿಯನ್ನು ಪೂರ್ತಿ ಬಿಡಬೇಡಿ. ಖನೊಂ ಕ್ರೋಕ್ ಅಂತ ಒಂದು ಉಂಟು. ಗುಳಿ ಗುಳಿ ಇರುವ ಕಾವಲಿ, ಅಕ್ಕಿ ಹಿಟ್ಟು, ಕಾಯಿಹಾಲು, ಸಕ್ಕರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಎರಡು ಅರ್ಧವನ್ನು ಒಂದರ ಮೇಲೊಂದು ಕವುಚಿ ಕೊಡುತ್ತಾರೆ. ಅಮ್ಮ ಗಾಡಿಯ ಎದುರು ನಿಂತುಬಿಟ್ಟರು. "ಇದು ನಮ್ಮ ಗುಳಿಯಪ್ಪವೇ ಅಲ್ವಾ? ಬೆಲ್ಲ ಎಲ್ಲಿ?" ಆಮೇಲೆ ದಿನಾ ಬೆಳಗ್ಗೆ ಅದೇ. ಮೇಲೆ ಈರುಳ್ಳಿ ಸೊಪ್ಪು ಹಾಕುವುದುಂಟು, ಬೇಡ ಅಂತ ಕೈ ತೋರಿಸಿ. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ತಿಂಡಿಯೂ ಸಿಗುತ್ತದೆ, ಒಳಗೆ ಬಾಳೆಹಣ್ಣು. ನಮ್ಮ ಕೊಟ್ಟಿಗೆ ಕಡುಬಿನ ದಾಯಾದಿ. ಹಸಿ ಪಪ್ಪಾಯಿಯ ಸೊಂ ತಾಂ ನೋಡಲಿಕ್ಕೆ ಕೋಸಂಬರಿ, ತಿನ್ನಬೇಡಿ, ಒಣ ಸಿಗಡಿ ಇರುತ್ತದೆ.

ಎಲೆ ಅಡಿಕೆ ಇಲ್ಲಿಂದಲೇ ಇಟ್ಟುಕೊಳ್ಳಿ. ಅಲ್ಲೂ ಒಂದು ಕಾಲದಲ್ಲಿ ಎಲ್ಲರ ಬಾಯಿ ಕೆಂಪೇ. ಅಡಿಕೆಗೆ ಅವರು ಮಾಕ್ ಅನ್ನುತ್ತಾರೆ. 1940ರ ದಶಕದಲ್ಲಿ ಫಿಬುನ್ ಅನ್ನುವ ಪ್ರಧಾನಿ ದೇಶವನ್ನು ಆಧುನಿಕ ಮಾಡುತ್ತೇನೆ ಅಂತ ಹೊರಟು ಎಲೆ ಅಡಿಕೆ ಹಾಕುವುದನ್ನೇ ನಿಷೇಧಿಸಿದ. ಅಡಿಕೆ ಬೆಳೆಯುವವನಿಗೆ ಇದನ್ನು ಕೇಳಿ ಹೊಟ್ಟೆಯಲ್ಲಿ ಹೇಗಾಗಬೇಕು ಹೇಳಿ. ರಸ್ತೆಯಲ್ಲಿ ಉಗುಳಲಿಕ್ಕೆ ಅಂತೂ ಆಗುವುದಿಲ್ಲ, ಅಮ್ಮನ ಕೈಯಲ್ಲಿ ಒಂದು ಮುಚ್ಚಳದ ಡಬ್ಬ ಇರಲಿ.

ಕೊನೆಗೆ ಒಂದು ಜಾಗ ಹೇಳುತ್ತೇನೆ, ಯಾವ ಏಜೆಂಟರೂ ಹೇಳುವುದಿಲ್ಲ. ಪಾಕ್ ಖ್ಲಾಂಗ್ ಹೂವಿನ ಪೇಟೆ. ಸನಾಂ ಚಾಯ್ ಅನ್ನುವ ಮೆಟ್ರೋ ಸ್ಟೇಷನ್ನಿನಿಂದ ಹತ್ತಿರ. ಹಗಲೂ ರಾತ್ರಿ ತೆರೆದಿರುತ್ತದೆ. ಚೆಂಡುಹೂವಿನ ಮೂಟೆಗಳು, ತಾವರೆ ಮೊಗ್ಗಿನ ಕಟ್ಟುಗಳು, ಮಂಜುಗಡ್ಡೆಯ ಮೇಲೆ ಮಲ್ಲಿಗೆ. ಒಂದು ಮೂಲೆಯಲ್ಲಿ ಅಮ್ಮನ ಪ್ರಾಯದ ಹೆಂಗಸು ಒಬ್ಬರು ಕೆಳಗೆ ಕೂತು ಮಾಲೆ ಮಾಡುತ್ತಿದ್ದರು. ಅವರದ್ದು ಕಟ್ಟುವುದಲ್ಲ, ಪೋಣಿಸುವುದು. ಒಂದು ಮೊಳಕ್ಕೆ ಹತ್ತಿರದ ಉದ್ದ ಸೂಜಿ. ಅದಕ್ಕೆ ಜಾರಲಿ ಅಂತ ವ್ಯಾಸಲಿನ್ ಸವರುತ್ತಾರೆ. ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಚುಚ್ಚಿ ಸುತ್ತಲೂ ಜೋಡಿಸಿ ತುಂಬಿದ ಮೇಲೆ ಇಡೀ ಸಾಲನ್ನು ಒಮ್ಮೆಗೇ ದಾರಕ್ಕೆ ಎಳೆದುಬಿಡುತ್ತಾರೆ. ಅಮ್ಮ ಹತ್ತು ನಿಮಿಷ ನೋಡಿದರು. ಆಮೇಲೆ ಕೈಚೀಲದಿಂದ ಬಾಳೆನಾರು ತೆಗೆದರು. ಎಲ್ಲಿಗೆ ಹೋಗುವಾಗಲೂ ಅದೊಂದು ಸುರುಳಿ ಅವರ ಚೀಲದಲ್ಲಿ ಇರುತ್ತದೆ, ನನಗೇ ಮರೆತಿತ್ತು. ಆ ಹೆಂಗಸಿನ ನೀರಿನ ಬಟ್ಟಲಿಗೆ ನಾರನ್ನು ಅದ್ದಿ, ಒಂದು ಹಿಡಿ ಮೊಗ್ಗಿಗೆ ಕೈ ಚಾಚಿದರು. ಅವರು ಕೊಟ್ಟರು. ಅಮ್ಮ ಕಾಲ ಹೆಬ್ಬೆರಳಿಗೆ ನಾರಿನ ತುದಿ ಸಿಕ್ಕಿಸಿ, ಈಚೆ ಎರಡು ಆಚೆ ಎರಡು ಇಟ್ಟು ಗಂಟು ಹಾಕುತ್ತಾ ಹೋದರು. ಸೂಜಿ ಇಲ್ಲ. ಆ ಹೆಂಗಸು ತನ್ನ ಕೆಲಸ ಬಿಟ್ಟು ಹತ್ತಿರ ಸರಿದರು, ಬೆರಳನ್ನೇ ನೋಡುತ್ತಾ. ಪಕ್ಕದ ಅಂಗಡಿಯವಳನ್ನೂ ಕರೆದರು. ಗೇಣುದ್ದ ಆದಾಗ ಅಮ್ಮ ಅದನ್ನು ಅವರಿಗೇ ಕೊಟ್ಟರು, ಅವರು ಅಮ್ಮನ ಕೈಗೆ ಒಂದು ಮಾಲೆ ಹಾಕಿದರು. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನು ಹಿಂದೆ ತಳ್ಳಿದರು.

ಮಾತು ಎಂತದೂ ಇಲ್ಲ. ಅಮ್ಮ ಕನ್ನಡದಲ್ಲಿ, ಅವರು ಥಾಯಿಯಲ್ಲಿ. ಒಂದು ಗಂಟೆ ಕೂತರು. ಆ ದಿನ ಗಂಟುನೋವಿನ ಸುದ್ದಿಯೇ ಬರಲಿಲ್ಲ. ನನ್ನ ಕಾಲು ಮಾತ್ರ ನಿಂತು ನಿಂತು ಸೋತಿತ್ತು.

ಉಪ್ಪಳ ಟು ದುಬೈ

ಅಡಿಕೆಮರ ಅಣ್ಣ ಹೇಳಿದ ಮೇಲೆ ನಾನು ಹೇಳುವುದು ಕಾಗದಪತ್ರ, ದುಡ್ಡಿನ ವಿಷಯ ಮಾತ್ರ. ಮೂರು ಸಲ ಹೋಗಿದ್ದೇನೆ. ಮೀನು ತಿನ್ನುವವ, ಊಟದ ಸುದ್ದಿ ನನ್ನನ್ನು ಕೇಳಬೇಡಿ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಡ ಅಂತ 2023ರ ನವೆಂಬರಿನಲ್ಲಿ ಶುರು ಮಾಡಿದರು, ಆಗ 30 ದಿನ. 2024ರ ಜುಲೈಯಲ್ಲಿ 60 ದಿನ ಮಾಡಿದರು. ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ. 2025ರ ಮೇ 1ರಿಂದ ಇನ್ನೊಂದು ಬಂದಿದೆ. ಮೊದಲು ವಿಮಾನದಲ್ಲಿ ತುಂಬಿಸುತ್ತಿದ್ದ ಚೀಟಿಯನ್ನು ಈಗ ಹೊರಡುವ ಮೊದಲೇ ಇಂಟರ್‌ನೆಟ್ಟಿನಲ್ಲಿ ತುಂಬಿಸಬೇಕು. ಟಿಡಿಎಸಿ ಅಂತ ಹೆಸರು. ಇಳಿಯುವ ದಿನಕ್ಕಿಂತ ಮೂರು ದಿನದ ಒಳಗೆ ತುಂಬಿಸಬೇಕು. ಇದು ಪೂರ್ತಿ ಫ್ರೀ. ಹುಡುಕಿದರೆ ದುಡ್ಡು ಕೇಳುವ ಸೈಟುಗಳು ಮೊದಲು ಬರುತ್ತವೆ. ನನ್ನ ಭಾವ ಹಾಗೆ ಕೊಟ್ಟು ಕೂತ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಟಿಕೆಟ್ ಮಾಡುವಾಗಲೇ ಅಮ್ಮನಿಗೆ ಗಾಲಿಕುರ್ಚಿ ಬೇಕು ಅಂತ ಹಾಕಿ. ಅದಕ್ಕೆ ಬೇರೆ ದುಡ್ಡಿಲ್ಲ. ಸುವರ್ಣಭೂಮಿ ವಿಮಾನ ನಿಲ್ದಾಣ ನಡೆದು ಮುಗಿಯುವುದಿಲ್ಲ. ಕೆಲವು ಕಡಿಮೆ ದರದ ವಿಮಾನಗಳು ಡಾನ್ ಮುವಾಂಗ್ ಅನ್ನುವ ಹಳೇ ನಿಲ್ದಾಣಕ್ಕೆ ಹೋಗುತ್ತವೆ, ಟಿಕೆಟಿನಲ್ಲಿ ಯಾವುದು ಅಂತ ನೋಡಿ. ಸುವರ್ಣಭೂಮಿಯಿಂದ ಫಯಾ ಥಾಯ್ ತನಕ ರೈಲು ಉಂಟು, ಅರ್ಧ ಗಂಟೆ, 45 ಬಾತ್. ಆದರೆ ಸಾಮಾನು, ಅಮ್ಮ ಎರಡನ್ನೂ ಹಿಡಿದುಕೊಂಡು ಅಲ್ಲಿ ರೈಲು ಬದಲಿಸುವುದು ಯಾಕೆ? ಟ್ಯಾಕ್ಸಿ ಮಾಡಿ. ಮೀಟರ್ 35 ಬಾತ್‌ನಿಂದ ಶುರು, ನಿಲ್ದಾಣದ ಚಾರ್ಜು 50 ಸೇರಿಸುತ್ತಾರೆ, ಟೋಲ್ ಬೇರೆ. ಮೀಟರ್ ಹಾಕುವುದಿಲ್ಲ ಅಂದವನ ಗಾಡಿ ಹತ್ತಬೇಡಿ. ಊರೊಳಗೆ ಗ್ರ್ಯಾಬ್, ಬೋಲ್ಟ್ ಆ್ಯಪ್ ಇದ್ದರೆ ಭಾಷೆಯ ಕಷ್ಟವೇ ಇಲ್ಲ.

ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿ. ನಾನು ಹೋದಾಗ ಎಟಿಎಂನಲ್ಲಿ ಪ್ರತಿ ಸಲ 220 ಬಾತ್ ಚಾರ್ಜು ಹೋಗುತ್ತಿತ್ತು, ಆದ್ದರಿಂದ ಚಿಲ್ಲರೆ ಚಿಲ್ಲರೆ ತೆಗೆಯಬೇಡಿ. ಯಂತ್ರ "ರೂಪಾಯಿಯಲ್ಲಿ ಕತ್ತರಿಸಲಾ, ಬಾತ್‌ನಲ್ಲಿ ಕತ್ತರಿಸಲಾ" ಅಂತ ಕೇಳಿದರೆ ಬಾತ್ ಒತ್ತಿ. ರೂಪಾಯಿ ಒತ್ತಿದರೆ ನಷ್ಟ ನಿಮಗೆ.

ಇನ್ನೊಂದು. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್ನುಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಓಡುತ್ತಿದ್ದ ಜನ ಗಕ್ಕನೆ ನಿಲ್ಲುತ್ತಾರೆ. ನೀವೂ ನಿಲ್ಲಿ. ಮೊದಲ ಸಲ ನಾನು ಒಬ್ಬನೇ ನಡೆದುಕೊಂಡು ಹೋದೆ, ಆ ನಾಚಿಕೆ ಈಗಲೂ ಉಂಟು. ತಮ್ಮನಿಗೆ ಇ-ಸಿಗರೇಟಿನ ಅಭ್ಯಾಸ ಇದ್ದರೆ ಮನೆಯಲ್ಲೇ ಬಿಟ್ಟು ಬರಲಿ. ಅಲ್ಲಿ ಅದಕ್ಕೆ ಕಾನೂನು ಬಿಗಿ.

ಮಂಜೇಶ್ವರ ಚೆಂಡೆ

ಯಕ್ಷಗಾನ ಆಟ ನೋಡುವ ಮನೆಯವರಾದರೆ ಒಂದು ಮಾತು ಸೇರಿಸುತ್ತೇನೆ. ಪಚ್ಚೆ ಬುದ್ಧನ ಗುಡಿಯ ಸುತ್ತಲಿನ ಪೌಳಿಯ ಗೋಡೆಯಲ್ಲಿ ಇಡೀ ರಾಮಾಯಣ ಬರೆದಿದ್ದಾರೆ, 178 ಚಿತ್ರ. ರಾಮಕಿಯೆನ್ ಅನ್ನುತ್ತಾರೆ. ಹೆಚ್ಚಿನ ಪ್ರವಾಸಿಗಳು ಅದರ ಎದುರು ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ. ನಿಮ್ಮ ಅಮ್ಮನಿಗೆ ಅಲ್ಲಿ ಗೈಡ್ ಬೇಡ. ನೆರಳೂ ಉಂಟು. ರಾವಣನಿಗೆ ಅಲ್ಲಿ ತೊಸಕನ್ ಅಂತ ಹೆಸರು, ನಮ್ಮ ದಶಕಂಠ. ಹಸಿರು ಮುಖ. ಹನುಮಂತ ಬಿಳಿ. ಬಾಯಿ ಆಕಳಿಸಿದರೆ ಒಳಗಿಂದ ಚಂದ್ರ, ನಕ್ಷತ್ರ ಹೊರಗೆ ಬರುತ್ತವೆ. ಒಂದು ಎಚ್ಚರಿಕೆ ಮಾತ್ರ: ಅವರ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯಲಿಕ್ಕೆ ಬಂದ ಸುವನ್ನಮಚ್ಚಾ, ಅಂದರೆ ಸುವರ್ಣಮತ್ಸ್ಯ, ರಾವಣನ ಮಗಳು, ಅವಳ ಜೊತೆಗೇ ಸಂಸಾರ. ನಮ್ಮ ಅತ್ತೆ ಇದನ್ನು ಕೇಳಿ ಚಿತ್ರಕ್ಕೆ ಬೆನ್ನು ಹಾಕಿ ನಿಂತರು.

ಬಾಗಿಲು ಬಾಗಿಲಿಗೆ ಎರಡೆರಡು ಯಕ್ಷರು, ಒಟ್ಟು 12. ಕೋರೆಹಲ್ಲು, ಕಿರೀಟ, ಗದೆ. ತೆಂಕುತಿಟ್ಟಿನ ಬಣ್ಣದ ವೇಷ ಚೌಕಿಯಿಂದ ಎದ್ದು ಬಂದು ಕಲ್ಲಾದ ಹಾಗೆ. ಅರಮನೆಯ ಟಿಕೆಟಿನಲ್ಲೇ ಖೋನ್ ಆಟದ ಟಿಕೆಟೂ ಸೇರಿರುತ್ತದೆ, ಸಾಲಾ ಚಲೆಮ್‌ಕ್ರುಂಗ್ ಅನ್ನುವ ಥಿಯೇಟರಿನಲ್ಲಿ. ನಾನು ಹೋದಾಗ ಸೋಮವಾರದಿಂದ ಶುಕ್ರವಾರ ಇತ್ತು, ಅರ್ಧ ಗಂಟೆಯೂ ಇಲ್ಲ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ಟಿಕೆಟ್ ಬಿಸಾಡುತ್ತಾರೆ. ಮುಖವಾಡದ ವೇಷ, ಹಾಡುವವರು ಬದಿಯಲ್ಲಿ. ವೇಷಧಾರಿಗಳಿಗೆ ಮಾತಿಲ್ಲ. ಅರ್ಥಗಾರಿಕೆ ಇಲ್ಲದ ಆಟ ಅಂದರೆ ನನಗೆ ಉಪ್ಪಿಲ್ಲದ ಸಾರು. ಆದರೆ ಕಪಿಗಳ ಹೆಜ್ಜೆ ನೋಡಬೇಕು ಮಾರಾಯ್ರೆ. ಪಾದ ನೆಲಕ್ಕೆ ತಾಗುವ ಮೊದಲೇ ಮುಂದಿನ ಪೆಟ್ಟು ಬಿದ್ದಿರುತ್ತದೆ. ಚೆಂಡೆಯವ ನಾನು, ಆ ಬಿದಿರು ಪಟ್ಟಿಯ ವಾದ್ಯದವನ ಕೈಯನ್ನೇ ನೋಡುತ್ತಾ ರಾಮನನ್ನು ಮರೆತೆ.

ಚಿಟ್ ಲೊಮ್ ಸ್ಟೇಷನ್ನಿನ ಬುಡದಲ್ಲಿ ನಾಲ್ಕು ಮುಖದ ಬ್ರಹ್ಮನ ಗುಡಿ ಉಂಟು, ಎರಾವನ್ ಅಂತ. 1956ರದ್ದು. ನಮ್ಮಲ್ಲಿ ಬ್ರಹ್ಮನಿಗೆ ಪೂಜೆ ಅಪರೂಪ ಅಲ್ವಾ, ಅಲ್ಲಿ ನಾಲ್ಕೂ ಮುಖಕ್ಕೆ ಚೆಂಡುಹೂವಿನ ರಾಶಿ. ಹರಕೆ ತೀರಿದವರು ದುಡ್ಡು ಕೊಟ್ಟು ಅಲ್ಲೇ ಕುಣಿತ ಮಾಡಿಸುತ್ತಾರೆ. ನಮ್ಮ ಹರಕೆ ಆಟವೇ. ಕಾಲು ಗಂಟೆಯ ಜಾಗ, ಮೇಲೆ ಸ್ಕೈಟ್ರೇನ್ ಗುಡುಗುತ್ತಿರುತ್ತದೆ.

ಕುಂಬಳೆ ಕಡಲು

ಇಷ್ಟೆಲ್ಲ ಆದ ಮೇಲೆ ನನ್ನದೂ ಒಂದು. ಲುಂಫಿನಿ ಪಾರ್ಕಿಗೆ ಬೆಳಗ್ಗೆ ಹೋಗಿ, ಕೂರಲಿಕ್ಕೆ ಬೆಂಚು ಬೇಕಾದಷ್ಟು. ಕೆರೆಯಿಂದ ಆಳುದ್ದದ ಉಡಗಳು ಎದ್ದು ಬಂದು ಹುಲ್ಲಿನಲ್ಲಿ ಬಿಸಿಲು ಕಾಯುತ್ತವೆ. ಜನ ಅದರ ಬದಿಯಲ್ಲೇ ವ್ಯಾಯಾಮ ಮಾಡುತ್ತಿರುತ್ತಾರೆ. ನಮ್ಮ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಗೆ ಕೈ ಮುಗಿದ ಕಣ್ಣಿಗೆ ಅದೇನೂ ಅಲ್ಲ, ಆದರೂ ಹೇಳಿ ಇಟ್ಟಿರುವುದು ಒಳ್ಳೆಯದು.

ಪೆರ್ಲದ ಟೀಚರ್

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಏಜೆಂಟರಿಗೆ ಬೇಡ ಅಂತ ಹೇಳಿದೆ. ಕ್ರಿಸ್ಮಸ್ ರಜೆ ಅಂತ ನಿಶ್ಚಯ. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅರಮನೆ, ಬುದ್ಧ, ವೀಸಾ ಎಲ್ಲ ಹೂಂ ಹೂಂ ಅಂತ ಕೇಳಿದರು. ಹೂವಿನ ಪೇಟೆ ಬಂದಾಗ "ಸೂಜಿಯಲ್ಲಾ? ಹೂವಿಗೆ ನೋವಾಗುವುದಿಲ್ವಾ?" ಅಂದರು. ಹನುಮಂತನ ವಿಷಯ ನಾನು ಓದಲಿಲ್ಲ, ಹಾರಿಸಿದೆ.

ಅಡಿಕೆಮರ ಅಣ್ಣ, ಒಂದೇ ಒಂದು ಕೇಳಲಿಕ್ಕೆ ಬಾಕಿ. ಮಂಗಳೂರಿನಿಂದ ನೇರ ವಿಮಾನ ಕಾಣುತ್ತಿಲ್ಲ. ಬೆಂಗಳೂರು ಒಳ್ಳೆಯದಾ, ಕೊಚ್ಚಿಯಾ? ಕೊಚ್ಚಿಯಾದರೆ ರೈಲಿನಲ್ಲಿ ಎಲ್ಲಿ ಇಳಿಯುವುದು?

ಅಡಿಕೆಮರ

ನಾವು ಕೊಚ್ಚಿಯಿಂದಲೇ ಹೋದದ್ದು. ಬೆಂಗಳೂರಿನ ಘಾಟಿ ರಸ್ತೆಯಲ್ಲಿ ರಾತ್ರಿ ಬಸ್ಸು ಅಮ್ಮನ ಕಾಲಿಗೆ ಆಗದು. ಕಾಸರಗೋಡಿನಲ್ಲಿ ಹತ್ತಿ ಆಲುವದಲ್ಲಿ ಇಳಿಯಿರಿ, ಅಲ್ಲಿಂದ ವಿಮಾನ ನಿಲ್ದಾಣ ಹತ್ತಿರ. ಕೆಳಗಿನ ಬರ್ತ್ ಕೇಳಿ ಮಾಡಿಸಿ. ಬಾಳೆನಾರು ಒಂದು ಸುರುಳಿ ಜಾಸ್ತಿ ಇಡಲಿಕ್ಕೆ ಅಮ್ಮನಿಗೆ ಹೇಳಿ, ನಮ್ಮಮ್ಮನಿಗೆ ಅಲ್ಲಿ ಸಾಲದೆ ಹೋಯಿತು.